ಸೂರ್ಯನಿಗೆ ಯಾವ ಐಪೀಸ್ ಹಾಕ್ಲಿ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಹೈಡ್ರೋಜನ್ ಆಲ್ಫಾ (ಎಚ್-ಆಲ್ಫಾ) ಬೆಳಕಲ್ಲಿ ಸೂರ್ಯನ್ನ ನೋಡೋದರ ಬಗ್ಗೆ ಬರೆದಿದ್ವಿ, 656.28 ನ್ಯಾನೋಮೀಟರ್‌ನ ಆ ಒಂದೇ ಕೆಂಪು ಗೆರೆ, ಅದರಲ್ಲಿ ಕಾಣೋ ವರ್ಣಗೋಳ (ಸೂರ್ಯನ ಮೇಲ್ಮೈ ಮೇಲಿನ ಅನಿಲದ ಪದರ), ಅಂಚಲ್ಲಿ ಜ್ವಾಲೆ ಥರ ಏಳೋ ಪ್ರಾಮಿನೆನ್ಸ್ ಅಂತೆಲ್ಲ. ಅದಕ್ಕೆ ಬಂದ ಪತ್ರಗಳಲ್ಲಿ ಫಿಲ್ಟರ್ ಬಗ್ಗೆ ಕೇಳಿದವರು ಕಮ್ಮಿ, ಐಪೀಸ್, ಅಂದ್ರೆ ಟೆಲಿಸ್ಕೋಪಲ್ಲಿ ಕಣ್ಣಿಡೋ ಕಡೆಯ ಲೆನ್ಸಿನ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಲ ಪೂರ್ತಿ ಕಾಲಂ ಐಪೀಸಿಗೇ ಬಿಟ್ಟಿದೀವಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀವಿ, ನಿಮ್ಮ ಪತ್ರದ ಮಾತು ಇಲ್ಲಿ ಸ್ವಲ್ಪ ಬೇರೆ ಥರ ಕಂಡ್ರೆ ಬೇಜಾರಾಗ್ಬೇಡಿ.

ಪ್ರಶ್ನೆ: ಸರ್, ನನ್ನ ಹತ್ರ ಕೊರೊನಾಡೊ ಪಿಎಸ್‌ಟಿ (ಎಚ್-ಆಲ್ಫಾದಲ್ಲಿ ಸೂರ್ಯನ್ನ ನೋಡೋ ಪುಟ್ಟ ಟೆಲಿಸ್ಕೋಪ್) ಇದೆ. 40 ಮಿ.ಮೀ. ಅಪರ್ಚರ್, 400 ಮಿ.ಮೀ. ಫೋಕಲ್ ಲೆಂತ್. ಈಗ 20 ಮಿ.ಮೀ. ಕೆಲ್ನರ್ ಐಪೀಸ್ ಹಾಕಿ ನೋಡ್ತಿದೀನಿ, ಸೂರ್ಯ ತೀರಾ ಪುಟ್ಟದಾಗಿ ಕಾಣ್ತಾನೆ. ರಾತ್ರಿ ಆಕಾಶಕ್ಕೆ ಎಲ್ಲರೂ ಹೊಗಳೋ 82 ಡಿಗ್ರಿಯ ದುಬಾರಿ ವೈಡ್ ಆಂಗಲ್ ಐಪೀಸ್ ಒಂದನ್ನ ತಗೊಂಡ್ಬಿಡೋಣ ಅಂತಿದೀನಿ. ಸರೀನಾ?

ಉತ್ತರ: ಸ್ವಲ್ಪ ತಡೀರಿ. ದುಡ್ಡು ಜೇಬಲ್ಲೇ ಇರ್ಲಿ, ಮೊದಲು ಲೆಕ್ಕ ನೋಡೋಣ.

ಆಕಾಶದಲ್ಲಿ ಸೂರ್ಯನ ಅಗಲ ಬರೀ ಅರ್ಧ ಡಿಗ್ರಿ ಚಿಲ್ಲರೆ, 0.53 ಅಂತಿಟ್ಕೊಳ್ಳಿ. ನಿಮ್ಮ 20 ಮಿ.ಮೀ. ಐಪೀಸಲ್ಲಿ 400 ಭಾಗಿಸು 20, ಅಂದ್ರೆ 20 ಪಟ್ಟು ದೊಡ್ಡದಾಗತ್ತೆ, ಕಣ್ಣಿಗೆ ಸೂರ್ಯ ಸುಮಾರು ಹತ್ತೂವರೆ ಡಿಗ್ರಿ ಅಗಲ ಕಾಣ್ತಾನೆ. ಪುಟ್ಟದು ಅನ್ನಿಸೋದು ಸಹಜವೇ. 8 ಮಿ.ಮೀ. ಹಾಕಿದ್ರೆ 50 ಪಟ್ಟು, ಆಗ ಸೂರ್ಯ ಇಪ್ಪತ್ತಾರೂವರೆ ಡಿಗ್ರಿ. ಈಗ ಸಾಧಾರಣ ಪ್ಲಾಸಲ್ ಐಪೀಸ್ ತಗೊಳ್ಳಿ, ಅದರ ಫೀಲ್ಡ್, ಅಂದ್ರೆ ಕಣ್ಣಿಗೆ ಒಮ್ಮೆಗೇ ಕಾಣೋ ಅಗಲ, 50 ಡಿಗ್ರಿ ಇರತ್ತೆ, ಅದರೊಳಗೆ ಈ 26 ಡಿಗ್ರಿ ಸೂರ್ಯ ಆರಾಮಾಗಿ ಕೂತು ಸುತ್ತ ಇನ್ನೂ ಬೇಕಾದಷ್ಟು ಜಾಗ ಉಳಿಯತ್ತೆ. ಲೆಕ್ಕ ಮುಂದುವರಿಸಿದ್ರೆ ಸುಮಾರು 90 ಪಟ್ಟಿನ ತನಕ ಪೂರ್ತಿ ಸೂರ್ಯ ಪ್ಲಾಸಲ್ ಒಳಗೇ ಹಿಡಿಸತ್ತೆ, ನಿಮ್ಮ 40 ಮಿ.ಮೀ. ಟೆಲಿಸ್ಕೋಪಲ್ಲಿ ಅಷ್ಟು ದೂರ ಹೋಗೋ ಪ್ರಶ್ನೆನೇ ಇಲ್ಲ. ಅಂದ್ಮೇಲೆ 82 ಡಿಗ್ರಿಯಲ್ಲಿ ನೀವು ಹೆಚ್ಚಿಗೆ ದುಡ್ಡು ಕೊಟ್ಟು ಕೊಂಡ್ಕೊಳ್ಳೋದು ಸೂರ್ಯನ ಸುತ್ತಲಿನ ಕತ್ತಲನ್ನ.

ಎರಡನೇ ವಿಷಯ ಬಣ್ಣ. ಈ ದುಬಾರಿ ಐಪೀಸುಗಳೊಳಗೆ ಆರು, ಏಳು, ಎಂಟು ಗಾಜು ಇರೋದು ಯಾಕೆ? ವೇಗದ, ಅಂದ್ರೆ ಎಫ್/4 ಎಫ್/5 ಥರದ (ಫೋಕಲ್ ಲೆಂತನ್ನ ಅಪರ್ಚರ್‌ನಿಂದ ಭಾಗಿಸಿದ್ರೆ ಬರೋದೇ ಎಫ್ ಸಂಖ್ಯೆ) ಟೆಲಿಸ್ಕೋಪಲ್ಲೂ ಅಗಲವಾದ ಫೀಲ್ಡಿನ ಅಂಚಿನ ತನಕ ನಕ್ಷತ್ರ ಚುಕ್ಕೆಯಾಗೇ ಕಾಣ್ಬೇಕು, ಕೆಂಪು ನೀಲಿ ಎಲ್ಲ ಒಂದೇ ಕಡೆ ಸೇರ್ಬೇಕು ಅಂತ. ಇಲ್ಲಿ ಬರ್ತಿರೋದು ಒಂದೇ ಬಣ್ಣ, ಅದೂ ಒಂದು ಆಂಗ್‌ಸ್ಟ್ರಾಮ್‌ಗಿಂತ (ನ್ಯಾನೋಮೀಟರಿನ ಹತ್ತನೇ ಒಂದು ಭಾಗ) ಕಿರಿದಾದ ಪಟ್ಟಿ, ಟೆಲಿಸ್ಕೋಪ್ ಎಫ್/10, ವಸ್ತು ಫೀಲ್ಡಿನ ನಡುವಲ್ಲೇ ಇದೆ. ಅಷ್ಟೂ ಗಾಜಿಗೆ ಮಾಡೋಕೆ ಕೆಲಸವೇ ಇಲ್ಲ. ಬದಲಿಗೆ ಗಾಜು ಹೆಚ್ಚಾದಷ್ಟೂ ಬೆಳಕು ಅಲ್ಲಿಲ್ಲಿ ಚದುರತ್ತೆ, ಚದುರಿದ ಬೆಳಕು ಹೋಗಿ ಕೂರೋದು ಎಲ್ಲಿ ಅಂದ್ರೆ ಸೂರ್ಯನ ಅಂಚಿನ ಪಕ್ಕದ ಕತ್ತಲಲ್ಲಿ, ಅಂದ್ರೆ ಸರಿಯಾಗಿ ನಿಮ್ಮ ಮಬ್ಬು ಪ್ರಾಮಿನೆನ್ಸ್ ಇರೋ ಜಾಗದಲ್ಲೇ. ಈಗಿನ ಕೋಟಿಂಗ್ ಚೆನ್ನಾಗಿರೋದ್ರಿಂದ ಈ ವ್ಯತ್ಯಾಸ ಭಾರೀ ಏನಲ್ಲ, ಅದನ್ನೂ ಹೇಳ್ಬೇಕು. ಮನೇಲಿ ಆಗಲೇ ವೈಡ್ ಆಂಗಲ್ ಇದ್ರೆ ಧಾರಾಳವಾಗಿ ಹಾಕ್ಕೊಳ್ಳಿ, ಸೂರ್ಯನಿಗೋಸ್ಕರ ಹೊಸದು ಕೊಳ್ಳೋದು ಬೇಡ ಅಷ್ಟೇ. ಪಿಎಸ್‌ಟಿಯಲ್ಲಿ ಇನ್ನೂ ಒಂದಿದೆ: ಟ್ಯೂನಿಂಗ್ (ಫಿಲ್ಟರನ್ನ ಆ ಕೆಂಪು ಗೆರೆಗೆ ಹೊಂದಿಸೋದು) ಸರಿಯಾಗಿ ಕೂರೋದು ಫೀಲ್ಡಿನ ಒಂದು ಭಾಗದಲ್ಲಿ ಮಾತ್ರ, ಅದರಾಚೆ ಸರಿದ್ರೆ ವಿವರ ಮಾಯ, ಅಲ್ಲಿ ಅಗಲ ಇದ್ದೂ ಉಪಯೋಗ ಇಲ್ಲ.

ವೈಡ್ ಆಂಗಲ್ ಪರವಾಗಿ ಒಂದೇ ಒಂದು ಮಾತು ಹೇಳ್ಬಹುದು. ನಿಮ್ಮ ಮೌಂಟಿಗೆ ಮೋಟರ್ ಇಲ್ದೆ ಕೈಯಲ್ಲೇ ತಳ್ಳೋದಾದ್ರೆ ಸೂರ್ಯ ನಿಮಿಷಕ್ಕೆ ಕಾಲು ಡಿಗ್ರಿ ಜಾರ್ತಾನೆ, 8 ಮಿ.ಮೀ. ಪ್ಲಾಸಲ್‌ನಲ್ಲಿ ನಡುವಲ್ಲಿ ಇಟ್ಟ ಸೂರ್ಯ ಒಂದು ನಿಮಿಷದೊಳಗೆ ಫೀಲ್ಡಿನ ಅಂಚು ಮುಟ್ತಾನೆ. ಅಂಥವರಿಗೆ 60-68 ಡಿಗ್ರಿ ಇದ್ರೆ ಅನುಕೂಲ, 82 ಆಗಲೂ ಬೇಕಿಲ್ಲ.

ಹಾಗಾದ್ರೆ ಎಷ್ಟು ಮಿ.ಮೀ. ತಗೊಳ್ಳೋದು? ಇದಕ್ಕೆ ನಾನು ಎಲ್ಲರಿಗೂ ಹೇಳೋ ಸುಲಭದ ದಾರಿ, ನಿಮ್ಮ ಟೆಲಿಸ್ಕೋಪಿನ ಎಫ್ ಸಂಖ್ಯೆ ಎಷ್ಟೋ ಅಷ್ಟೇ ಮಿ.ಮೀ. ಐಪೀಸು. ಎಫ್/10 ಆದ್ರೆ 10 ಮಿ.ಮೀ. ಹಾಗೆ ಮಾಡಿದಾಗ ಐಪೀಸಿಂದ ಆಚೆ ಬರೋ ಬೆಳಕಿನ ಕಂಬ, ಅಂದ್ರೆ ಎಕ್ಸಿಟ್ ಪ್ಯೂಪಿಲ್, ಸರಿಯಾಗಿ 1 ಮಿ.ಮೀ. ಆಗತ್ತೆ, ಎಚ್-ಆಲ್ಫಾಗೆ ವಿವರ ಮತ್ತು ಬೆಳಕು ಎರಡೂ ಹದವಾಗಿ ಸಿಗೋದು ಅದರ ಆಸುಪಾಸಲ್ಲೇ. ಒಂದೂವರೆ ಮಿ.ಮೀ. ಇದ್ರೆ ಚಿತ್ರ ಹೊಳಪಾಗಿ ಚಿಕ್ಕದಾಗಿ ಇರತ್ತೆ, ಅಂಚಿನ ಪ್ರಾಮಿನೆನ್ಸ್ ಒಂದೇ ನೋಟಕ್ಕೆ ಸಿಗತ್ತೆ. 0.7ಕ್ಕಿಂತ ಕೆಳಗಿಳಿದ್ರೆ ಚಿತ್ರ ಮಂಕಾಗತ್ತೆ, ಅದಕ್ಕಿಂತ ಕಿರಿಕಿರಿ ಅಂದ್ರೆ ನಿಮ್ಮ ಕಣ್ಣೊಳಗೇ ತೇಲಾಡೋ ನೂಲಿನ ಎಳೆಗಳು, ಚುಕ್ಕೆಗಳು ಎಲ್ಲ ಸೂರ್ಯನ ಮೇಲೆ ಓಡಾಡೋಕೆ ಶುರುವಾಗತ್ತೆ, ಯಾವುದು ಸೂರ್ಯನ ತಟ್ಟೆ ಮೇಲೆ ಕಪ್ಪಗೆ ಕಾಣೋ ಅನಿಲದ ಎಳೆ, ಅಂದ್ರೆ ಫಿಲಮೆಂಟ್, ಯಾವುದು ನಮ್ಮ ಕಣ್ಣಿನ ಕಸ ಅಂತ ಗೊತ್ತಾಗಲ್ಲ (ಕಣ್ಣು ಅಲುಗಿಸಿದಾಗ ಜೊತೆಗೇ ಓಡಿದ್ರೆ ಅದು ನಿಮ್ಮದೇ). ನಿಮ್ಮ ಪಿಎಸ್‌ಟಿಗೆ 12 ಮಿ.ಮೀ. ಆಸುಪಾಸಿನದೊಂದು, 8 ಮಿ.ಮೀ. ಒಂದು, ಎರಡು ಒಳ್ಳೇ ಪ್ಲಾಸಲ್ ಸಾಕು. 6 ಮಿ.ಮೀ. ಹಾಕಿದ್ರೆ ಸೂರ್ಯ ದೊಡ್ಡದಾಗ್ತಾನೆ ನಿಜ, ಆದ್ರೆ 40 ಮಿ.ಮೀ. ಲೆನ್ಸು ಈ ಕೆಂಪು ಬೆಳಕಲ್ಲಿ ಬಿಡಿಸಿ ತೋರ್ಸೋದು ಸುಮಾರು 4 ಆರ್ಕ್‌ಸೆಕೆಂಡಿನ ತನಕ ಮಾತ್ರ, ಅದಕ್ಕಿಂತ ಸಣ್ಣದು ಎಷ್ಟು ಹಿಗ್ಗಿಸಿದ್ರೂ ಬರಲ್ಲ.

ಪ್ರಶ್ನೆ: ಎಚ್-ಆಲ್ಫಾಗೇ ವಿಶೇಷವಾಗಿ ಮಾಡಿದ್ದು ಅಂತ ಹೇಳಿ ಮಾರೋ ಐಪೀಸುಗಳಿವೆಯಲ್ಲ, ಕೊರೊನಾಡೊದವರ ಸೀಮ್ಯಾಕ್ಸ್ ಥರದ್ದು. ಅವು ಬೇಕೇ ಬೇಕಾ?

ಉತ್ತರ: ಬೇಕೇ ಬೇಕು ಅಂತೇನಿಲ್ಲ. ಸೀಮ್ಯಾಕ್ಸ್ 12, 18, 25 ಮಿ.ಮೀ. ಅಂತ ಬರ್ತಿತ್ತು, ಕೆಟ್ಟ ಐಪೀಸುಗಳಲ್ಲ, ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ತಗೊಂಡು ಖುಷಿಯಾಗಿ ನೋಡಿ. ಕೆಂಪಿಗೆ ಹೊಂದೋ ಕೋಟಿಂಗ್ ಅನ್ನೋದು ಅವರ ವಾದ, ಒಪ್ಪೋಣ, ಆದ್ರೆ ಒಳ್ಳೇ ಮಲ್ಟಿಕೋಟಿಂಗ್ ಇರೋ ಯಾವುದೇ ಪ್ಲಾಸಲ್ ಅಥವಾ ಆರ್ಥೊಸ್ಕೋಪಿಕ್ 656 ನ್ಯಾನೋಮೀಟರಲ್ಲಿ ಬೆಳಕನ್ನ ಚೆನ್ನಾಗೇ ಬಿಡತ್ತೆ. ಎರಡೂ ವಿನ್ಯಾಸದಲ್ಲಿ ಇರೋದು ನಾಲ್ಕೇ ಗಾಜು, ಎರಡು ಗುಂಪು, ಗಾಳಿಗೆ ತಾಗೋ ಮುಖ ನಾಲ್ಕೇ.

ಕೋಟಿಂಗಿಗಿಂತ ನಾನು ಮೊದಲು ನೋಡೋದು ಧೂಳನ್ನ. ಸೂರ್ಯನ ಬಿಂಬ ಒಂದೇ ಬಣ್ಣದ ದೊಡ್ಡ ತಟ್ಟೆ, ಅದರ ಮೇಲೆ ಸಣ್ಣ ಕಣ ಕೂತ್ರೂ ಎದ್ದು ಕಾಣತ್ತೆ. ಅದರಲ್ಲೂ ಕೆಲ್ನರ್ ಥರದ ಐಪೀಸಲ್ಲಿ ಕೆಳಗಿನ ಲೆನ್ಸು ಫೋಕಸ್ ಬೀಳೋ ಜಾಗಕ್ಕೆ ತೀರಾ ಹತ್ರ ಇರೋದ್ರಿಂದ ಅದರ ಮೇಲಿನ ಧೂಳು ಚೂಪಾಗಿ, ಕಪ್ಪಾಗಿ, ಥೇಟ್ ಪುಟ್ಟ ಸೌರಕಲೆ ಥರ ಕಾಣತ್ತೆ. ಅನುಮಾನ ಬಂದ್ರೆ ಐಪೀಸನ್ನ ಹಿಡ್ಕೊಂಡು ಮೆಲ್ಲಗೆ ತಿರುಗಿಸಿ, ಕಲೆಯೂ ಜೊತೆಗೇ ಸುತ್ತಿದ್ರೆ ಅದು ಧೂಳು. ರಬ್ಬರ್ ಬ್ಲೋವರ್‌ನಲ್ಲಿ ಊದಿ, ಬಟ್ಟೆಯಲ್ಲಿ ಉಜ್ಜೋಕೆ ಹೋಗ್ಬೇಡಿ.

ಪ್ರಶ್ನೆ: ನನ್ನ 80 ಮಿ.ಮೀ. ಎಫ್/6 ರಿಫ್ರ್ಯಾಕ್ಟರಿಗೆ ಡೇಸ್ಟಾರ್ ಕ್ವಾರ್ಕ್ (ಐಪೀಸ್ ಕಡೆ ಕೂರೋ ಎಚ್-ಆಲ್ಫಾ ಫಿಲ್ಟರ್) ಹಾಕಿದೀನಿ. ಇದ್ದ ಐಪೀಸುಗಳಲ್ಲಿ ಅತಿ ಒಳ್ಳೇದು 10 ಮಿ.ಮೀ., ಅದನ್ನ ಹಾಕಿದ್ರೆ ಬರೀ ಮಸುಕು ಕೆಂಪು, ಏನೂ ತಿಳಿಯಲ್ಲ. ಕ್ವಾರ್ಕ್ ಕೆಟ್ಟಿದ್ಯಾ?

ಉತ್ತರ: ಕೆಟ್ಟಿರಲ್ಲ, ನೀವು 200 ಪಟ್ಟಲ್ಲಿ ನೋಡ್ತಿದೀರ! ಕ್ವಾರ್ಕ್ ಒಳಗೇ 4.2 ಪಟ್ಟಿನ ಟೆಲಿಸೆಂಟ್ರಿಕ್ ಬಾರ್ಲೋ (ಫೋಕಲ್ ಲೆಂತ್ ಹಿಗ್ಗಿಸೋ ಲೆನ್ಸು) ಇದೆ, ಎಟಲಾನ್‌ಗೆ (ಆ ಒಂದು ಗೆರೆಯ ಬೆಳಕನ್ನ ಆರಿಸಿ ಬಿಡೋ ಫಿಲ್ಟರಿಗೆ) ಬೆಳಕಿನ ಕಿರಣ ಆದಷ್ಟು ಸಮಾನಾಂತರವಾಗಿ ಬೀಳ್ಬೇಕು ಅಂತ ಅದನ್ನ ಇಟ್ಟಿರೋದು. ನಿಮ್ಮ 480 ಮಿ.ಮೀ. ಅಲ್ಲಿಗೆ 2016 ಮಿ.ಮೀ. ಆಯ್ತು, ಎಫ್/6 ಹೋಗಿ ಎಫ್/25 ಆಯ್ತು. ಆ ಮೇಲಿನ ಸೂತ್ರ ಹಾಕಿ, 25 ಮಿ.ಮೀ. ಐಪೀಸು ಬೇಕು, 80 ಪಟ್ಟು, ಎಕ್ಸಿಟ್ ಪ್ಯೂಪಿಲ್ 1 ಮಿ.ಮೀ. ಹತ್ರಹತ್ರ. ಗಾಳಿ ಕುದೀತಿರೋ ದಿನಕ್ಕೆ 32 ಮಿ.ಮೀ., ಅಂದ್ರೆ 63 ಪಟ್ಟು. 40 ಮಿ.ಮೀ. ಪ್ಲಾಸಲ್ಲೂ ಹಾಕ್ಬಹುದು, 1.25 ಇಂಚಿನ ಕೊಳವೆ ಅಡ್ಡ ಬರೋದ್ರಿಂದ ಅದರ ಫೀಲ್ಡ್ ಕಿರಿದಾಗಿರತ್ತೆ, ಜೊತೆಗೆ ಕಣ್ಣನ್ನ ದೂರ ಹಿಡಿದು ಸರಿಯಾದ ಜಾಗ ಹುಡುಕ್ತಾ ಕೂರ್ಬೇಕು, ನನಗಂತೂ 32 ಹೆಚ್ಚು ಇಷ್ಟ.

ಕ್ವಾರ್ಕ್ ಇಟ್ಕೊಂಡವರಿಗೆ ಒಂದು ಸಮಾಧಾನ ಅಂದ್ರೆ ಎಫ್/25ರಲ್ಲಿ ಎಂಥಾ ಸಾಮಾನ್ಯ ಐಪೀಸೂ ಚೆನ್ನಾಗಿ ಕೆಲಸ ಮಾಡತ್ತೆ, ಕಿರಣಗಳು ಅಷ್ಟು ಸಣ್ಣ ಕೋನದಲ್ಲಿ ಬರೋದ್ರಿಂದ ಐಪೀಸಿಗೆ ಯಾವ ಕಷ್ಟವೂ ಇಲ್ಲ. ಬೇಜಾರಿನ ಸಂಗತಿ ಅಂದ್ರೆ ಪೂರ್ತಿ ಬಿಂಬ ಒಂದೇ ಸಲಕ್ಕೆ ನೋಡೋ ಆಸೆ. 2016 ಮಿ.ಮೀ. ಫೋಕಲ್ ಲೆಂತಲ್ಲಿ ಸೂರ್ಯನ ಬಿಂಬ ಸುಮಾರು 19 ಮಿ.ಮೀ. ಅಗಲ ಬೀಳತ್ತೆ, ಐಪೀಸ್ ಅದನ್ನ ಹಿಡಿದ್ರೂ ಕ್ವಾರ್ಕ್‌ನ ಒಳಗಿನ ದಾರಿ ಅಂಚುಗಳನ್ನ ಕತ್ತರಿಸತ್ತೆ, ಟೆಲಿಸ್ಕೋಪಿನ ಫೋಕಲ್ ಲೆಂತ್ ಸುಮಾರು 450 ಮಿ.ಮೀ. ದಾಟಿದ್ರೆ ಇಡೀ ಸೂರ್ಯನ್ನ ಕಾಣೋದು ಕಷ್ಟ. ಇದನ್ನ ಯಾವ ಐಪೀಸೂ ಸರಿಮಾಡಲ್ಲ. ಹಾಂ, ಅದರ ಹಿಂದೆ ಇನ್ನೊಂದು ಬಾರ್ಲೋ ಹಾಕೋ ಯೋಚನೆ ಇದ್ರೆ ಬಿಟ್ಬಿಡಿ.

ಪ್ರಶ್ನೆ: ಜೂಮ್ ಐಪೀಸ್ ಒಂದೇ ತಗೊಂಡ್ರೆ ಆಗಲ್ವಾ? ರಾತ್ರಿ ನೋಡೋ ಗೆಳೆಯರೆಲ್ಲ ಜೂಮ್ ಅಂದ್ರೆ ಮೂಗು ಮುರೀತಾರೆ.

ಉತ್ತರ: ರಾತ್ರಿಯವರ ಮಾತು ರಾತ್ರಿಗೆ ಸರಿ. 8–24 ಮಿ.ಮೀ. ಜೂಮಿನ ಮೇಲೆ ಅವರ ದೂರು ಏನಂದ್ರೆ, 24ರ ಕಡೆ ಅಗಲ ಬೇಕಾದಾಗಲೇ ಅದರ ಫೀಲ್ಡ್ ಕಿರಿದಾಗತ್ತೆ, 8ರ ಕಡೆ ಹೋದಾಗ ಅಗಲವಾಗತ್ತೆ. ಸೂರ್ಯನಿಗೆ ಇದೇ ಸರಿಹೋಗತ್ತೆ! 24ರಲ್ಲಿ ಸೂರ್ಯ ಪುಟ್ಟದು, ಫೀಲ್ಡ್ ಕಿರಿದಾದ್ರೂ ತೊಂದ್ರೆ ಇಲ್ಲ, 8ಕ್ಕೆ ಬರೋ ಹೊತ್ತಿಗೆ ಸೂರ್ಯನೂ ದೊಡ್ಡದು, ಫೀಲ್ಡೂ ದೊಡ್ಡದು.

ನಿಜವಾದ ಲಾಭ ಬೇರೆ ಇದೆ. ಹಗಲಿನ ಗಾಳಿ ನಿಮಿಷ ನಿಮಿಷಕ್ಕೂ ಬದಲಾಗತ್ತೆ. ನೆಲ ಕಾದ ಮೇಲಂತೂ ಸೂರ್ಯನ ಅಂಚು ಕುದಿಯೋ ನೀರಿನ ಥರ ಅಲ್ಲಾಡ್ತಿರತ್ತೆ, ನಡುವೆ ಎರಡು ಮೂರು ಸೆಕೆಂಡು ತಟ್ಟನೆ ನಿಂತು ಎಲ್ಲಾ ಚೂಪಾಗತ್ತೆ, ಮತ್ತೆ ಕಲಕತ್ತೆ. ಅಂಥ ಹೊತ್ತಲ್ಲಿ ಐಪೀಸ್ ತೆಗೆದು ಇನ್ನೊಂದು ಹಾಕಿ ಮತ್ತೆ ಫೋಕಸ್ ಮಾಡೋ ಹೊತ್ತಿಗೆ ಅದು ಮುಗಿದಿರತ್ತೆ, ಜೂಮ್ ಇದ್ರೆ ಕೈ ತಿರುಗಿಸಿದ್ರೆ ಆಯ್ತು. ಪಟ್ಟು ಬದಲಾಯಿಸಿದಾಗೆಲ್ಲ ಫೋಕಸ್ ಒಂಚೂರು ಮುಟ್ಟಬೇಕಾಗತ್ತೆ, ಅಷ್ಟೇ. ಲಂಟ್‌ನವರೇ ತಮ್ಮ ಸೌರ ಟೆಲಿಸ್ಕೋಪುಗಳ ಜೊತೆ 7.2–21.5 ಮಿ.ಮೀ. ಜೂಮ್ ಮಾರ್ತಾರೆ. ಮೊದಲ ಐಪೀಸ್ ಆಗಿ ಜೂಮ್ ತಗೊಳ್ಳಿ, ಕೆಲವು ವಾರ ನೋಡಿ, ನಿಮ್ಮ ಕೈ ತಾನಾಗೇ ಯಾವ ಸಂಖ್ಯೆ ಹತ್ರ ನಿಲ್ಲತ್ತೆ ಅಂತ ಗಮನಿಸಿ, ಆಮೇಲೆ ಆ ಸಂಖ್ಯೆಯ ಪ್ಲಾಸಲ್ ಅಥವಾ ಆರ್ಥೊ ಒಂದನ್ನ ತಗೊಂಡ್ರೆ ಚಿತ್ರ ಇನ್ನೊಂಚೂರು ಸ್ವಚ್ಛ ಸಿಗತ್ತೆ. ಬೆಳಿಗ್ಗೆ ಬೇಗ, ಹುಲ್ಲಿನ ಮೇಲೆ ಟ್ರೈಪಾಡ್ ಇಟ್ಟು ನೋಡಿದ್ರೆ ಕಾಂಕ್ರೀಟ್ ತಾರಸಿಗಿಂತ ಎಷ್ಟೋ ವಾಸಿ.

ಪ್ರಶ್ನೆ: ನಾನು ಕನ್ನಡಕ ಹಾಕ್ತೀನಿ. 8 ಮಿ.ಮೀ. ಪ್ಲಾಸಲ್‌ನಲ್ಲಿ ಕಣ್ಣು ಹತ್ರ ತರೋಕೇ ಆಗಲ್ಲ.

ಉತ್ತರ: ಪ್ಲಾಸಲ್‌ನ ಐ ರಿಲೀಫ್, ಅಂದ್ರೆ ಐಪೀಸಿಂದ ಕಣ್ಣು ಇರ್ಬೇಕಾದ ದೂರ, ಅದರ ಫೋಕಲ್ ಲೆಂತಿನ ಸುಮಾರು 70 ಪರ್ಸೆಂಟ್, ಅಂದ್ರೆ 8 ಮಿ.ಮೀ.ಗೆ ಐದಾರು ಮಿ.ಮೀ. ಅಷ್ಟೇ, ರೆಪ್ಪೆ ತಾಗತ್ತೆ. ಕನ್ನಡಕ ತೆಗೆದು ನೋಡಿ. ಹತ್ರದ ದೃಷ್ಟಿ ದೂರದ ದೃಷ್ಟಿ ಎರಡನ್ನೂ ಫೋಕಸ್ ಗುಂಡಿಯೇ ಸರಿಮಾಡತ್ತೆ, ಆಸ್ಟಿಗ್ಮ್ಯಾಟಿಸಂ ಇದ್ರೂ 1 ಮಿ.ಮೀ. ಎಕ್ಸಿಟ್ ಪ್ಯೂಪಿಲಲ್ಲಿ ಕಣ್ಣಿನ ನಡುವಿನ ಚೂರು ಭಾಗ ಮಾತ್ರ ಬಳಕೆಯಾಗೋದ್ರಿಂದ ಹೆಚ್ಚಿನವರಿಗೆ ಅದು ಗೊತ್ತೇ ಆಗಲ್ಲ. ತೆಗೆಯೋಕೆ ಆಗೋದೇ ಇಲ್ಲ ಅಂದ್ರೆ 15ರಿಂದ 20 ಮಿ.ಮೀ. ಐ ರಿಲೀಫ್ ಇರೋ ಐಪೀಸ್ ತಗೊಳ್ಳಿ, ಒಂದೆರಡು ಗಾಜು ಜಾಸ್ತಿ ಇರತ್ತೆ, ಇರ್ಲಿ ಬಿಡಿ, ನೆಮ್ಮದಿಯಾಗಿ ನೋಡೋದು ಮುಖ್ಯ.

ಪ್ರಶ್ನೆ: ನಾಲ್ಕು ಐಪೀಸ್ ಬದಲಾಯಿಸಿ ನೋಡಿದೆ ಸರ್, ಎಲ್ಲದರಲ್ಲೂ ಬರೀ ಕೆಂಪು ತಟ್ಟೆ. ಫೋಟೋದಲ್ಲಿ ಬರೋ ಆ ಬೆಂಕಿಯ ಎಳೆಗಳು, ಜ್ವಾಲೆಗಳು ಒಂದೂ ಇಲ್ಲ. ಯಾವ ಐಪೀಸಲ್ಲಿ ಕಾಣತ್ತೆ ಹೇಳಿ.

ಉತ್ತರ: ಐದನೇದು ಕೊಳ್ಳೋದು ಬೇಡ. ಇದು ಐಪೀಸಿನ ತಪ್ಪಲ್ಲ, ಟ್ಯೂನಿಂಗ್ ಮತ್ತು ಕಣ್ಣಿನ ವಿಷಯ.

ಎಟಲಾನ್ ಬಿಡೋ ಪಟ್ಟಿ ಆ ಗೆರೆಯ ಮೇಲೇ ಕೂತಿರ್ಬೇಕು, ಅರ್ಧ ಆಂಗ್‌ಸ್ಟ್ರಾಮ್ ಪಕ್ಕಕ್ಕೆ ಹೋದ್ರೂ ಕಾಣೋದು ಕೆಳಗಿನ ಪದರದ ಸಪ್ಪೆ ಬೆಳಕು, ಅದೇ ನಿಮ್ಮ ಕೆಂಪು ತಟ್ಟೆ. ಪಿಎಸ್‌ಟಿ ಆದ್ರೆ ಕೊಳವೆ ಮೇಲಿನ ರಿಂಗು, ಲಂಟ್‌ನ ಪ್ರೆಶರ್ ಟ್ಯೂನರ್ ಆದ್ರೆ ಗಾಳಿ ಒತ್ತೋ ಪಿಸ್ಟನ್ನು, ಕ್ವಾರ್ಕ್ ಆದ್ರೆ ಗುಂಡಿ ತಿರುಗಿಸಿ ದೀಪ ಹಸಿರಾಗೋ ತನಕ ಕಾಯೋದು. ಕಡಿಮೆ ಪಟ್ಟಿನ ಐಪೀಸ್ ಹಾಕಿ, ಮೊದಲು ಸೂರ್ಯನ ಅಂಚನ್ನ ಚೂಪು ಮಾಡಿ, ತಟ್ಟೆಯ ನಡುಭಾಗ ನೋಡ್ಕೊಂಡು ಫೋಕಸ್ ಮಾಡೋಕೆ ಹೋದ್ರೆ ಯಾವತ್ತೂ ಸಿಗಲ್ಲ. ಅಂಚಿಗೆ ತಾಗಿ ಸಣ್ಣ ಕೂದಲಿನಂಥದ್ದೇನಾದ್ರೂ ಕಂಡ್ರೆ ಅದರ ಮೇಲೆ ಕಣ್ಣಿಟ್ಟು ರಿಂಗನ್ನ ಇಷ್ಟಿಷ್ಟೇ ತಿರುಗಿಸಿ, ಅದು ಅತಿ ಹೊಳಪಾದ ಜಾಗದಲ್ಲಿ ನಿಲ್ಲಿಸಿ. ಆಮೇಲೆ ತಟ್ಟೆ ಮೇಲಿನ ಕಪ್ಪು ಫಿಲಮೆಂಟಿಗೆ ಇನ್ನೊಂಚೂರು ತಿರುಗಿಸ್ಬೇಕಾಗಬಹುದು, ಎರಡೂ ಒಟ್ಟಿಗೆ ಚೆನ್ನಾಗಿ ಸಿಗದೇ ಇದ್ರೆ ಗಾಬರಿ ಬೇಡ. ನಮ್ಮ ಕಡೆಗೋ ಆಚೆಗೋ ನುಗ್ತಿರೋ ಅನಿಲದ ಗೆರೆ ಡಾಪ್ಲರ್‌ನಿಂದ ಸರಿದಿರತ್ತೆ, ಸೆಕೆಂಡಿಗೆ ಸುಮಾರು 46 ಕಿ.ಮೀ. ವೇಗಕ್ಕೆ ಒಂದು ಆಂಗ್‌ಸ್ಟ್ರಾಮ್, ಹಾಗಾಗಿ ಒಂದೇ ಫಿಲಮೆಂಟಿನ ಒಂದು ತುದಿ ಕಂಡು ಇನ್ನೊಂದು ತುದಿ ಮಾಯವಾಗಿರೋದೂ ಉಂಟು.

ಇನ್ನು ಕಣ್ಣು. ಹಸಿರು ಬೆಳಕಿಗೆ ಹೋಲಿಸಿದ್ರೆ ನಮ್ಮ ಕಣ್ಣಿಗೆ 656 ನ್ಯಾನೋಮೀಟರ್ ಕೆಂಪು ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ ಕಾಣತ್ತೆ. ಅದರ ಮೇಲೆ ಬಿಸಿಲಲ್ಲಿ ನಿಂತು ಪಕ್ಕದ ಬೆಳಕೆಲ್ಲ ಕಣ್ಣಿಗೆ ಬೀಳ್ತಿದ್ರೆ ಮಬ್ಬು ಎಳೆಗಳು ಹೇಗೆ ಕಾಣ್ಬೇಕು? ಒಂದು ದಪ್ಪ ಕಪ್ಪು ಬಟ್ಟೆಯನ್ನ ತಲೆ, ಐಪೀಸ್ ಎರಡೂ ಮುಚ್ಚೋ ಹಾಗೆ ಹೊದ್ಕೊಳ್ಳಿ, ಕೆಲವು ನಿಮಿಷ ಒಳಗೇ ಇರಿ. ಯಾವ ದುಬಾರಿ ಐಪೀಸೂ ಈ ಬಟ್ಟೆಯಷ್ಟು ವ್ಯತ್ಯಾಸ ತರಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಡಬಲ್ ಸ್ಟ್ಯಾಕ್ ಮಾಡಿದವರಿಗಂತೂ (ಒಂದರ ಹಿಂದೊಂದು ಎರಡು ಎಟಲಾನ್ ಹಾಕಿದವರಿಗೆ) ಚಿತ್ರ ಇನ್ನೂ ಮಂಕಾಗೋದ್ರಿಂದ ಬಟ್ಟೆಯೂ ಬೇಕು, ಒಂದು ಮೆಟ್ಟಿಲು ಉದ್ದದ ಐಪೀಸೂ ಬೇಕು.

ಹಳೇ ಪಿಎಸ್‌ಟಿಗಳಲ್ಲಿ ಒಳಗಿನ ಫಿಲ್ಟರ್ ಗಾಜು ಕಾಲ ಕಳೆದ ಹಾಗೆ ಮಸುಕಾಗೋದು ಗೊತ್ತಿರೋ ಕಾಯಿಲೆ. ಎಷ್ಟು ಟ್ಯೂನ್ ಮಾಡಿದ್ರೂ ಚಿತ್ರ ಮೇಲಿಂದ ಮೇಲೆ ಮಬ್ಬಾಗ್ತಾ ಬಂದಿದ್ರೆ ನೋಡೋದು ನಿಲ್ಲಿಸಿ, ಆ ಫಿಲ್ಟರ್ ತೋರಿಸಿ ಬದಲಾಯಿಸಿ.

ಅಂದ ಹಾಗೆ ಪ್ರಾಮಿನೆನ್ಸನ್ನ ಗ್ರಹಣ ಇಲ್ದೆ ನೋಡ್ಬಹುದು ಅಂತ ಗೊತ್ತಾಗಿದ್ದು ಗುಂಟೂರಲ್ಲಿ. 1868ರ ಆಗಸ್ಟ್ 18ರ ಗ್ರಹಣಕ್ಕೆ ಅಲ್ಲಿಗೆ ಬಂದಿದ್ದ ಫ್ರಾನ್ಸಿನ ಜಾನ್ಸೆನ್, ಸ್ಪೆಕ್ಟ್ರೋಸ್ಕೋಪಲ್ಲಿ ಆ ಗೆರೆಗಳು ಅಷ್ಟು ಹೊಳೆಯೋದನ್ನ ನೋಡಿ ಮಾರನೇ ದಿನ ಗ್ರಹಣ ಇಲ್ಲದ ಸೂರ್ಯನ ಅಂಚಿಗೇ ಅದನ್ನ ಹಿಡಿದ್ರು. ಅವರು ಕಿರಿದಾದ ಸೀಳಿನ ಮೂಲಕ ಚೂರು ಚೂರಾಗಿ ನೋಡಿದ್ದನ್ನ ನಾವು ಇಡಿಯಾಗಿ ನೋಡ್ತಿದೀವಿ, ಸ್ವಲ್ಪ ತಾಳ್ಮೆ ಇರ್ಲಿ.

ಪ್ರಶ್ನೆ: ಬೈನೋವ್ಯೂವರ್ ಹಾಕಿದ್ರೆ ಚೆನ್ನಾಗಿರತ್ತಾ?

ಉತ್ತರ: ತುಂಬಾ. ಎರಡೂ ಕಣ್ಣಲ್ಲಿ ನೋಡಿದಾಗ ಕಣ್ಣಿನ ಕಸದ ಕಾಟ ಕಮ್ಮಿಯಾಗತ್ತೆ, ಫಿಲಮೆಂಟುಗಳು ಉಬ್ಬಿ ನಿಂತ ಹಾಗೆ ಅನ್ಸತ್ತೆ. ಆದ್ರೆ ಬೆಳಕು ಎರಡು ಪಾಲಾಗತ್ತೆ, ಮತ್ತೆ ಬೆಳಕಿನ ದಾರಿ ಹತ್ತು ಸೆಂ.ಮೀ. ಆಸುಪಾಸು ಉದ್ದ ಆಗೋದ್ರಿಂದ ಪಿಎಸ್‌ಟಿ ಥರದವು ಮುಂದೆ ಬಾರ್ಲೋ ಇಲ್ದೆ ಫೋಕಸ್ಸಿಗೇ ಬರಲ್ಲ. ಬಾರ್ಲೋ ಪಟ್ಟು ಹೆಚ್ಚಿಸತ್ತೆ, ಅದಕ್ಕೆ ಐಪೀಸ್ ಜೋಡಿ ಉದ್ದದ್ದೇ ಇರ್ಲಿ, 20 ಅಥವಾ 25 ಮಿ.ಮೀ.ದು, ಎರಡೂ ಒಂದೇ ಕಂಪನಿ ಒಂದೇ ಮಾಡೆಲ್ ಆಗಿರ್ಲಿ.

ಪ್ರಶ್ನೆ: ನನ್ನ ಹಳೇ ಟೆಲಿಸ್ಕೋಪ್ ಜೊತೆ ಐಪೀಸಿಗೆ ತಿರುಗಿಸಿ ಹಾಕೋ ಸಣ್ಣ ಕಪ್ಪು ಗಾಜು ಬಂದಿತ್ತು, 'ಸನ್' ಅಂತ ಬರೆದಿದೆ. ಅದರ ಜೊತೆ ನೆಬ್ಯುಲಾ ಫೋಟೋಗೆ ಬಳಸೋ 7 ನ್ಯಾನೋಮೀಟರ್ ಎಚ್-ಆಲ್ಫಾ ಫಿಲ್ಟರ್ ಸೇರಿಸಿದ್ರೆ ಕೆಲಸ ಆಗತ್ತಾ?

ಉತ್ತರ: ಬೇಡ. ಯಾವ ಕಾರಣಕ್ಕೂ ಬೇಡ. ಆ ಕಪ್ಪು ಗಾಜು ಕೂತಿರೋದು ಇಡೀ ಲೆನ್ಸಿನ ಬೆಳಕು ಬಂದು ಒಟ್ಟಾಗೋ ಜಾಗದ ಹತ್ರ, ಅದು ಕಾದು ಪಟ್ ಅಂತ ಸೀಳಿದ್ರೆ ನಿಮ್ಮ ಕಣ್ಣಿಗೂ ಸೂರ್ಯನಿಗೂ ನಡುವೆ ಏನೂ ಉಳಿಯಲ್ಲ. ರೆಟಿನಾಗೆ ನೋವು ಗೊತ್ತಾಗಲ್ಲ, ಸುಟ್ಟಿದ್ದು ಆಮೇಲೆ ತಿಳಿಯೋದು. ಅದನ್ನ ಬೇರೆಯವರ ಕೈಗೆ ಸಿಗದ ಹಾಗೆ ಒಡೆದು ಬಿಸಾಕಿ. ನೆಬ್ಯುಲಾ ಫಿಲ್ಟರಿನ 7 ನ್ಯಾನೋಮೀಟರ್ ಅಂದ್ರೆ 70 ಆಂಗ್‌ಸ್ಟ್ರಾಮ್, ಸೌರ ಫಿಲ್ಟರಿನ ಪಟ್ಟಿ 1 ಆಂಗ್‌ಸ್ಟ್ರಾಮಿಗಿಂತ ಕಮ್ಮಿ. ಅದರಲ್ಲಿ ಸುರಕ್ಷತೆಯೂ ಇಲ್ಲ, ವರ್ಣಗೋಳವೂ ಕಾಣಲ್ಲ.

ಎಲ್ಲರಿಗೂ ಸೇರಿಸಿ ಹೇಳ್ತೀನಿ, ಐಪೀಸ್ ಯಾವುದೇ ಆಗ್ಲಿ, ಅದರ ಮೇಲೆ ಸೋಲಾರ್ ಅಂತ ಎಷ್ಟು ದೊಡ್ಡದಾಗಿ ಬರೆದಿರ್ಲಿ, ಅದು ಕಣ್ಣನ್ನ ಕಾಯಲ್ಲ. ಕಾಯೋದು ಎಟಲಾನ್ ಜೊತೆ ಬರೋ ತಡೆ ಫಿಲ್ಟರುಗಳು, ಅಂದ್ರೆ ಮುಂದಿನ ಶಾಖ ತಡೆಯೋ ಗಾಜು ಮತ್ತು ಹಿಂದಿನ ಬ್ಲಾಕಿಂಗ್ ಫಿಲ್ಟರ್, ತಯಾರಕರು ಹೇಳಿದ ಕ್ರಮದಲ್ಲೇ ಅವು ಇರ್ಬೇಕು. ಬ್ಲಾಕಿಂಗ್ ಫಿಲ್ಟರ್ ಇರೋ ಡಯಾಗ್ನಲ್ (ಬೆಳಕನ್ನ ಐಪೀಸಿನ ಕಡೆ ತಿರುಗಿಸೋ ಭಾಗ) ತೆಗೆದು ಮಾಮೂಲಿ ಡಯಾಗ್ನಲ್ ಹಾಕೋ ಪ್ರಯೋಗ ಮಾಡ್ಬೇಡಿ. ಪಕ್ಕದಲ್ಲಿ ಫೈಂಡರ್ (ಗುರಿ ಹಿಡಿಯೋ ಪುಟ್ಟ ದುರ್ಬೀನು) ಇದ್ರೆ ಬಿಚ್ಚಿಡಿ.

ಪ್ರಶ್ನೆ: ಮೊಬೈಲಲ್ಲಿ ಫೋಟೋ ತೆಗೆಯೋಕೆ ಯಾವ ಐಪೀಸ್?

ಉತ್ತರ: ನೋಡೋಕೆ ಬಳಸೋದಕ್ಕಿಂತ ಉದ್ದದ್ದು, ಪಿಎಸ್‌ಟಿಗೆ 20 ಮಿ.ಮೀ. ಚೆನ್ನಾಗಿರತ್ತೆ, ಐ ರಿಲೀಫ್ ಜಾಸ್ತಿ ಇರೋದ್ರಿಂದ ಮೊಬೈಲ್ ಲೆನ್ಸಿಗೆ ಪೂರ್ತಿ ಚಿತ್ರ ಸಿಗತ್ತೆ. ಕೈಯಲ್ಲಿ ಹಿಡೀಬೇಡಿ, ಐಪೀಸಿಗೆ ಕಚ್ಚಿಸೋ ಮೊಬೈಲ್ ಹೋಲ್ಡರ್ ತಗೊಳ್ಳಿ. ಆಟೋದಲ್ಲಿ ಬಿಟ್ರೆ ಕ್ಯಾಮೆರಾ ಸುತ್ತಲಿನ ಕತ್ತಲು ನೋಡಿ ಸೂರ್ಯನ್ನ ಬೆಳ್ಳಗೆ ಮಾಡಿಬಿಡತ್ತೆ, ತಟ್ಟೆ ಮೇಲೆ ಬೆರಳಿಟ್ಟು ಲಾಕ್ ಮಾಡಿ ಎಕ್ಸ್‌ಪೋಶರ್ ಕೆಳಗಿಳಿಸಿ. ತಟ್ಟೆಯ ವಿವರ ಒಂದು ಫೋಟೋದಲ್ಲಿ, ಪ್ರಾಮಿನೆನ್ಸ್ ಇನ್ನೊಂದರಲ್ಲಿ ಅಂತ ಎರಡು ಬೇರೆ ಎಕ್ಸ್‌ಪೋಶರಲ್ಲಿ ತೆಗೀರಿ, ಎರಡೂ ಒಂದರಲ್ಲೇ ಬರ್ಲಿ ಅಂತ ಹೊರಟ್ರೆ ಎರಡೂ ಕೆಡತ್ತೆ. ಎಡಿಟ್ ಮಾಡುವಾಗ ಕೆಂಪು ಚಾನೆಲ್ ಮಾತ್ರ ಇಟ್ಕೊಂಡು ಕಪ್ಪು-ಬಿಳುಪು ಮಾಡಿ, ಚಿತ್ರ ಇರೋದೆಲ್ಲ ಅದರಲ್ಲೇ, ಹಸಿರು ನೀಲಿಯಲ್ಲಿ ಬರೀ ಗದ್ದಲ.